ಕ್ರಯಪತ್ರದ ಅರಣ್ಯ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಆಗ್ನೇಯ ಭಾಗದಲ್ಲಿ, ನಾರ್ತ್ ಕ್ಯಾರೊಲೈನಾ ರಾಜ್ಯದ ಪಶ್ಚಿಮದಂಚನ್ನು ಆವರಿಸಿಕೊಂಡಿರುವ ಅಪಲೇಶಿಯನ್ ಪರ್ವತಗಳ ನಡುವೆ, ಪಿಸ್ಗಾ ಎಂಬ ಹೆಸರಿನ ರಾಷ್ಟ್ರೀಯ ಅರಣ್ಯವೊಂದಿದೆ. ಐದು ಲಕ್ಷ ಎಕರೆಗೆ ಮಿಕ್ಕ ಈ ಕಾಡು ವಿಸ್ತಾರದಲ್ಲಾಗಲಿ ಮರಗಳ ಔನ್ನತ್ಯದಲ್ಲಾಗಲಿ ಆ ದೇಶದ ಅರಣ್ಯಗಳಲ್ಲಿ ಅಗ್ರಗಣ್ಯವೇನೂ ಅಲ್ಲ. ಪಶ್ಚಿಮದ ರಾಜ್ಯಗಳಲ್ಲಿ ಇದಕ್ಕಿಂತ ಹಿರಿದಾದವು ಹತ್ತಾರಿವೆ. ಆದರೂ ಅರಣ್ಯಾಡಳಿತದ ಚರಿತ್ರೆಯನ್ನು ವಿಚಾರಮಾಡತಕ್ಕವರು ಆ ಮಹಾರಣ್ಯಗಳನ್ನೆಲ್ಲ ಬದಿಗಿಟ್ಟು ಮೊದಲು ನೋಡಬೇಕಾದದ್ದು ಇದನ್ನೇ. ಏಕೆಂದರೆ ಇದು ಸರ್ಕಾರವು ಘೋಷಿಸಿ ಪಡೆದ ಕಾಡಲ್ಲ, ಹಣಕೊಟ್ಟು ಕೊಂಡ ಕಾಡು. ಸೈನ್ಯವೂ ಖಜಾನೆಯೂ ಕೈಯಲ್ಲಿರುವ ಪ್ರಭುತ್ವವೊಂದು ತನ್ನ ಪ್ರಜೆಯ ಮುಂದೆ ಗಿರಾಕಿಯಾಗಿ ನಿಂತು, ಬೆಲೆ ವಿಚಾರಿಸಿ, ಹಳೆಯ ಪತ್ರಗಳನ್ನು ಶೋಧಿಸಿ, ಅಳತೆಮಾಡಿಸಿ, ಚೌಕಾಸಿಯ ಬಳಿಕ ಒಂದು ಬೆಟ್ಟವನ್ನು ತನ್ನದಾಗಿಸಿಕೊಂಡಿತೆಂಬುದು ಲೋಕದ ಅರಣ್ಯಚರಿತ್ರೆಯಲ್ಲಿ ವಿರಳವಾದ ಸಂಗತಿ. ಕಾಡೊಂದು ಯಾವ ಮಾರ್ಗದಿಂದ ಸರ್ಕಾರದ ಕೈಸೇರಿತೋ ಆ ಮಾರ್ಗದ ಗುಣದೋಷಗಳೇ ತಲೆಮಾರುಗಳ ಕಾಲ ಅದರ ಆಡಳಿತದ ಗುಣದೋಷಗಳಾಗಿ ಉಳಿಯುತ್ತವೆಂದು ನಾನು ಭಾವಿಸಿದ್ದೇನೆ. ಕೊಂಡ ಕಾಡು ಘೋಷಿಸಿದ ಕಾಡಿಗಿಂತ ನ್ಯಾಯಕ್ಕೆ ಒಂದು ಹೆಜ್ಜೆ ಹತ್ತಿರವೆಂದೂ, ಆದರೆ ಆ ನ್ಯಾಯದ ದೃಷ್ಟಿ ಪತ್ರವುಳ್ಳವರನ್ನು ದಾಟಿ ಆಚೆಗೆ ಹಾಯದೆಂದೂ ಪಿಸ್ಗಾದ ಕಥೆಯಿಂದ ತೋರುತ್ತದೆ.

ಘೋಷಣೆಯ ಮಾರ್ಗ ಎಂಥದೆಂಬುದನ್ನು ಮೊದಲು ನೋಡೋಣ. 1891ರಲ್ಲಿ ಅಮೆರಿಕಾದ ಶಾಸನಸಭೆ ಭೂಕಾನೂನುಗಳ ತಿದ್ದುಪಡಿಯೊಂದನ್ನು ಅಂಗೀಕರಿಸಿದಾಗ, ಅದರ 24ನೆಯ ಪ್ರಕರಣವು ಸಾರ್ವಜನಿಕ ಭೂಮಿಯಲ್ಲಿ ಅರಣ್ಯಗಳನ್ನು ಮೀಸಲಿಡುವ ಅಧಿಕಾರವನ್ನು ರಾಷ್ಟ್ರಾಧ್ಯಕ್ಷನಿಗೆ ಕೊಟ್ಟಿತು. ಅಧ್ಯಕ್ಷ ಹ್ಯಾರಿಸನ್ ಆ ತಿಂಗಳೊಳಗಾಗಿಯೇ ಯೆಲ್ಲೋಸ್ಟೋನ್ ಉದ್ಯಾನದ ಪಕ್ಕದ ಭೂಮಿಯನ್ನು ಮೀಸಲಿಟ್ಟನು. ಅಧ್ಯಕ್ಷ ಕ್ಲೀವ್‌ಲೆಂಡ್ ಅಧಿಕಾರದಿಂದ ಇಳಿಯುವುದಕ್ಕೆ ಕೆಲವೇ ದಿನಗಳ ಮುಂಚೆ, 1897ರ ಫೆಬ್ರವರಿ 22ರಂದು, 2 ಕೋಟಿ 10 ಲಕ್ಷ ಎಕರೆಗಳಷ್ಟು ನೆಲವನ್ನು ಒಂದೇ ದಿನದಲ್ಲಿ 13 ಮೀಸಲುಗಳನ್ನಾಗಿ ಸಾರಿಬಿಟ್ಟನು. ಪಶ್ಚಿಮದ ಜನರಿಗೆ ಸುದ್ದಿ ತಿಳಿದದ್ದು ಕಾರ್ಯವೆಲ್ಲ ಮುಗಿದ ಮೇಲೆ. ಎದ್ದ ಕೋಲಾಹಲವನ್ನು ಶಮನಗೊಳಿಸಲು ಶಾಸನಸಭೆ ಅದೇ ವರ್ಷದ ಜೂನಿನಲ್ಲಿ ಮೀಸಲು ಅರಣ್ಯಗಳ ಉದ್ದೇಶವನ್ನೂ ಆಡಳಿತಕ್ರಮವನ್ನೂ ನಿರ್ದೇಶಿಸುವ ಕಾನೂನನ್ನು ರಚಿಸಬೇಕಾಯಿತು. ಹತ್ತು ವರ್ಷಗಳ ಅನಂತರ ಇದೇ ನಾಟಕ ಇನ್ನೂ ರೋಚಕವಾಗಿ ನಡೆಯಿತು. ಆರು ಪಶ್ಚಿಮ ರಾಜ್ಯಗಳಲ್ಲಿ ಹೊಸ ಮೀಸಲು ಸ್ಥಾಪಿಸುವ ಅಧಿಕಾರವನ್ನು ಅಧ್ಯಕ್ಷನಿಂದ ಕಸಿದುಕೊಳ್ಳುವ ಮಸೂದೆಯೊಂದು 1907ರ ವಸಂತದಲ್ಲಿ ಥಿಯೋಡರ್ ರೂಸ್‌ವೆಲ್ಟನ ಮೇಜಿನ ಮೇಲೆ ಬಂದು ಕುಳಿತಿರಲು, ಅದಕ್ಕೆ ಸಹಿಮಾಡುವ ಮುನ್ನ ಅರಣ್ಯಾಧಿಪತಿ ಗಿಫರ್ಡ್ ಪಿಂಚೊನೊಡನೆ ನಕ್ಷೆಗಳನ್ನು ಹರವಿಕೊಂಡು, ಸುಮಾರು 1 ಕೋಟಿ 60 ಲಕ್ಷ ಎಕರೆಗಳನ್ನು ಆತನು ಮೀಸಲಿಗೆ ಸೇರಿಸಿದನು. ಕಾಡಿನ ದೃಷ್ಟಿಯಿಂದ ನೋಡಿದರೆ ಇದು ಪುಣ್ಯಕಾರ್ಯವೇ ಸರಿ. ಅದಿಲ್ಲದಿದ್ದರೆ ಆ ಮರಗಳು ಕಂಪನಿಗಳ ಗರಗಸಕ್ಕೆ ಬಲಿಯಾಗುತ್ತಿದ್ದವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ನೆಲ ಸರ್ಕಾರದ್ದೇ ಎಂಬ ಮೂಲ ಪ್ರತಿಜ್ಞೆಯನ್ನು ಆ ಗಡಿಬಿಡಿಯಲ್ಲಿ ಯಾರೂ ಪರೀಕ್ಷಿಸಲಿಲ್ಲ. ಅಲ್ಲಿನ ಆದಿವಾಸಿ ಜನಾಂಗಗಳನ್ನು ಹೊರದೂಡಿದ್ದರಿಂದಲೇ ಅದು ಸರ್ಕಾರದ್ದಾಗಿತ್ತು.

ಈ ಪದ್ಧತಿ ನಮಗೆ ಅಪರಿಚಿತವಲ್ಲ. ಅಪರಿಚಿತವಾಗಿರುವುದಕ್ಕೆ ಕಾರಣವೂ ಇಲ್ಲ, ಏಕೆಂದರೆ ಎರಡು ದೇಶಗಳ ಅರಣ್ಯಾಡಳಿತಕ್ಕೂ ಒಬ್ಬನೇ ಗುರು. ಬಾನ್ ನಗರದವನಾದ ಡೀಟ್ರಿಚ್ ಬ್ರಾಂಡಿಸ್ ಬರ್ಮಾದ ತೇಗದ ಕಾಡುಗಳಲ್ಲಿ ಕೆಲಸ ಕಲಿತು, 1864ರಲ್ಲಿ ಭಾರತದ ಪ್ರಥಮ ಅರಣ್ಯ ಮಹಾನಿರೀಕ್ಷಕನಾದನು. ನಿವೃತ್ತನಾಗಿ ಸ್ವದೇಶದಲ್ಲಿದ್ದ ಅವನ ಬಳಿಗೆ ಅಮೆರಿಕಾದಿಂದ ಬಂದ ತರುಣ ಪಿಂಚೊ, ಅವನ ಸಲಹೆಯಂತೆ ಫ್ರಾನ್ಸಿನ ನಾನ್ಸಿಯ ಅರಣ್ಯಶಾಲೆಯಲ್ಲಿ ಓದಿದನು. ಭಾರತದಲ್ಲಿ 1865ರಲ್ಲಿ ಆರಂಭವಾಗಿ 1878ರಲ್ಲಿ ಕಠಿಣರೂಪ ತಾಳಿದ ಅರಣ್ಯಶಾಸನದ ಕ್ರಮವೆಂದರೆ, ಸರ್ಕಾರ ಒಂದು ಪ್ರದೇಶವನ್ನು ಮೀಸಲೆಂದು ಪ್ರಕಟಿಸುವುದು, ಹಕ್ಕುಳ್ಳವರು ಇಂತಿಷ್ಟು ತಿಂಗಳೊಳಗೆ ಬಂದು ಹೇಳಿಕೊಳ್ಳತಕ್ಕದ್ದೆಂದು ಸಾರುವುದು, ಹೇಳಿಕೊಳ್ಳದವರ ಹಕ್ಕು ನಷ್ಟವಾಯಿತೆಂದು ಬರೆದುಕೊಳ್ಳುವುದು. ಓದುಬರಹವಿಲ್ಲದ ಬೆಟ್ಟದ ಮೇಲಣ ಕುಟುಂಬವೊಂದು ಕಚೇರಿಯ ಪ್ರಕಟನೆಯನ್ನು ಓದಿ, ಗಡುವಿನೊಳಗೆ ಅರ್ಜಿ ಬರೆಸಿಕೊಂಡು ಬರಬೇಕೆಂದು ನಿರೀಕ್ಷಿಸಿದ ಕಾನೂನನ್ನು ಮದರಾಸಿನ ಸರ್ಕಾರವೇ ಒಪ್ಪದೆ, 1882ರಲ್ಲಿ ತನ್ನದೇ ಬೇರೆ ಶಾಸನವನ್ನು ಮಾಡಿಕೊಂಡಿತು. ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ನಮ್ಮ ಉತ್ತರ ಕನ್ನಡದಲ್ಲಾದರೋ ಕುಮರಿ ಬೇಸಾಯಗಾರರು ಅತಿಕ್ರಮಿಗಳೆನಿಸಿದರು. ಅಡಿಕೆ ತೋಟದವರು ಅನಾದಿಯಿಂದ ಸೊಪ್ಪು ತರುತ್ತಿದ್ದ ಬೆಟ್ಟ ಅವರಿಗೆ ಸವಲತ್ತಾಗಿ ಉಳಿಯಿತೇ ಹೊರತು ಹಕ್ಕಾಗಿ ಉಳಿಯಲಿಲ್ಲ. ಸವಲತ್ತನ್ನು ಕೊಟ್ಟವನು ಹಿಂತೆಗೆದುಕೊಳ್ಳಬಹುದೆಂಬ ಭಯ ಅಲ್ಲಿಂದಾಚೆಗೆ ಮಲೆನಾಡಿನ ರೈತನಿಗೂ ಗಾರ್ಡಿಗೂ ನಡುವೆ ಖಾಯಂ ಆಗಿ ನಿಂತಿತು.

ಅಪಲೇಶಿಯನ್ ಬೆಟ್ಟಗಳಲ್ಲಿ ಈ ಮಾರ್ಗ ಸಾಧ್ಯವಿರಲಿಲ್ಲ. ಅಲ್ಲಿನ ಭೂಮಿಯೆಲ್ಲ ಬಹುಕಾಲದ ಹಿಂದೆಯೇ ಖಾಸಗಿ ಒಡೆತನಕ್ಕೆ ಹೋಗಿದ್ದುದರಿಂದ ಮೀಸಲಿಡಲು ಕೇಂದ್ರಸರ್ಕಾರದ ಕೈಯಲ್ಲಿ ನೆಲವೇ ಇರಲಿಲ್ಲ. ಆಶ್‌ವಿಲ್ ನಗರದ ಪ್ರಮುಖರು 1899ರಲ್ಲಿ ಸಂಘವೊಂದನ್ನು ಕಟ್ಟಿ, ತಮ್ಮ ಬೆಟ್ಟಗಳಲ್ಲಿಯೂ ರಾಷ್ಟ್ರೀಯ ಉದ್ಯಾನವೊಂದಾಗಬೇಕೆಂದು ಬೇಡಿದರು. ನಾರ್ತ್ ಕ್ಯಾರೊಲೈನಾದ ಶಾಸಕಾಂಗ 1901ರಲ್ಲಿ ಭೂಮಿಯನ್ನು ಕೊಳ್ಳಲು ಕೇಂದ್ರಕ್ಕೆ ಸಮ್ಮತಿಯನ್ನೂ ಇತ್ತಿತು. ಆದರೆ ಕೇವಲ ಸೌಂದರ್ಯಕ್ಕಾಗಿಯೋ ಮರಗಳಿಗಾಗಿಯೋ ಪ್ರಜೆಗಳ ತೆರಿಗೆಯ ಹಣದಿಂದ ಭೂಮಿಯನ್ನು ಕೊಳ್ಳುವ ಅಧಿಕಾರವನ್ನು ಸಂವಿಧಾನವು ಕೇಂದ್ರಕ್ಕೆ ಕೊಟ್ಟಿದೆಯೇ ಎಂಬ ಪ್ರಶ್ನೆ ಎದ್ದಿತು. ಕೊಟ್ಟಿಲ್ಲವೆಂದೂ, ನೌಕಾಯಾನಕ್ಕೆ ಯೋಗ್ಯವಾದ ನದಿಗಳನ್ನು ರಕ್ಷಿಸುವುದಕ್ಕೆ ಆ ಕಾಡು ಅವಶ್ಯಕವೆಂದು ಸಿದ್ಧವಾದರೆ ಮಾತ್ರ ಕೊಳ್ಳಬಹುದೆಂದೂ 1908ರಲ್ಲಿ ಪ್ರತಿನಿಧಿಸಭೆಯ ನ್ಯಾಯಾಂಗ ಸಮಿತಿ ಹೇಳಿತು. ಮ್ಯಾಸಚೂಸೆಟ್ಸಿನ ಪ್ರತಿನಿಧಿ ಜಾನ್ ವೀಕ್ಸ್ ಈ ಇಕ್ಕಟ್ಟಾದ ಬಾಗಿಲಲ್ಲಿಯೇ ಮಸೂದೆಯನ್ನು ನುಸುಳಿಸಿದನು. 1911ರ ಮಾರ್ಚ್ 1ರಂದು ಅಧ್ಯಕ್ಷ ಟ್ಯಾಫ್ಟನ ಸಹಿ ಪಡೆದ ವೀಕ್ಸ್ ಶಾಸನದ ಪ್ರಕಾರ ಯುದ್ಧ, ಒಳಾಡಳಿತ, ಕೃಷಿ ಇಲಾಖೆಗಳ ಮೂವರು ಮಂತ್ರಿಗಳೂ ಶಾಸನಸಭೆಯ ಎರಡು ಮನೆಗಳಿಂದ ಇಬ್ಬಿಬ್ಬರೂ ಕೂಡಿದ ಆಯೋಗವೊಂದು ಪ್ರತಿಯೊಂದು ಕೊಳ್ಳುವಿಕೆಗೂ ಒಪ್ಪಿಗೆ ಕೊಡಬೇಕು. ಆ ನೆಲದಿಂದ ನದಿಗೆ ಪ್ರಯೋಜನವುಂಟೆಂದು ಭೂವಿಜ್ಞಾನ ಇಲಾಖೆ ದೃಢೀಕರಿಸಬೇಕು. ರಾಜ್ಯದ ಶಾಸಕಾಂಗ ಸಮ್ಮತಿಸಿರಬೇಕು. ಪಶ್ಚಿಮದಲ್ಲಿ ಒಂದು ಸಹಿ ಮಾಡಿದ ಕೆಲಸಕ್ಕೆ ಪೂರ್ವದಲ್ಲಿ ಇಷ್ಟೊಂದು ಬಾಗಿಲುಗಳು!

ಹೀಗೆ ಮೊಟ್ಟಮೊದಲು ಕೊಂಡದ್ದು ಮ್ಯಾಕ್‌ಡೊವೆಲ್ ಕೌಂಟಿಯ ಕರ್ಟಿಸ್ ಹಳ್ಳದ ಸುತ್ತಣ ಸುಮಾರು 8,100 ಎಕರೆಗಳನ್ನು, ಮರದ ಕಂಪನಿಯೊಂದರಿಂದ. ಆದರೆ ಅರಣ್ಯಕ್ಕೆ ಹೃದಯವಾಗಿ ಪರಿಣಮಿಸಿದ್ದು ವ್ಯಾಂಡರ್‌ಬಿಲ್ಟ್ ಮನೆತನದ ಭೂಮಿ. ರೈಲ್ವೆ ಉದ್ಯಮದಿಂದ ಬಂದ ಐಶ್ವರ್ಯಕ್ಕೆ ವಾರಸುದಾರನಾದ ಜಾರ್ಜ್ ವ್ಯಾಂಡರ್‌ಬಿಲ್ಟ್ 1880ರ ದಶಕದ ಕೊನೆಯಿಂದ ಆಶ್‌ವಿಲ್ಲಿನ ಸಮೀಪದಲ್ಲಿ ಹೊಲಗದ್ದೆಗಳನ್ನೂ ಬೆಟ್ಟಗಳನ್ನೂ ಕೊಳ್ಳುತ್ತ ಬಂದು, ಲಕ್ಷ ಎಕರೆಗೂ ಮೀರಿದ ಎಸ್ಟೇಟನ್ನು ಕಟ್ಟಿ, ಉದ್ಯಾನಶಿಲ್ಪಿ ಓಲ್ಮ್‌ಸ್ಟೆಡ್ಡನ ಸಲಹೆಯಂತೆ 1892ರಲ್ಲಿ ಪಿಂಚೊನನ್ನು ಅದರ ಅರಣ್ಯಾಧಿಕಾರಿಯಾಗಿ ನೇಮಿಸಿಕೊಂಡನು. ಅವನ ತರುವಾಯ, ಬ್ರಾಂಡಿಸನದೇ ಶಿಫಾರಸಿನ ಮೇರೆಗೆ ಜರ್ಮನಿಯಿಂದ ಬಂದ ಕಾರ್ಲ್ ಶೆಂಕ್ 1898ರಲ್ಲಿ ಅಲ್ಲಿಯೇ ಬಿಲ್ಟ್‌ಮೋರ್ ಅರಣ್ಯಶಾಲೆಯನ್ನು ತೆರೆದನು. ತರುಣರು ಬೆಳಿಗ್ಗೆ ಪಾಠ ಕೇಳಿ ಮಧ್ಯಾಹ್ನ ಕುದುರೆಯೇರಿ ಗುರುವಿನ ಹಿಂದೆ ಕಾಡಿಗೆ ಹೊರಡುತ್ತಿದ್ದ ಆ ಶಾಲೆಯ ಕೀರ್ತಿಯನ್ನು ಹೇಳುವವರು ಬಹಳ ಮಂದಿ. 1968ರಲ್ಲಿ ಶಾಸನಸಭೆಯೇ ಅಲ್ಲಿನ 6,500 ಎಕರೆಗಳನ್ನು ಅಮೆರಿಕಾದ ಅರಣ್ಯಶಾಸ್ತ್ರದ ತೊಟ್ಟಿಲೆಂದು ಸ್ಮಾರಕವಾಗಿಸಿದೆ. ಆದರೆ ಬಿಗ್ ಕ್ರೀಕ್ ಕಣಿವೆಯ ಹಿರಿಯ ಮರಗಳನ್ನು ಕಡಿದು, ಹಳ್ಳಕ್ಕೆ ಕಟ್ಟೆ ಕಟ್ಟಿ, ಕಟ್ಟೆಯನ್ನು ಒಮ್ಮೆಲೇ ತೆರೆದು ದಿಮ್ಮಿಗಳನ್ನು ಪ್ರವಾಹದಲ್ಲಿ ಕೊಚ್ಚಿಸಿದ್ದರಿಂದ ಆ ಹಳ್ಳದ ಪಾತ್ರಕ್ಕೆ ಒದಗಿದ ದುರವಸ್ಥೆಯೂ ಇದೇ ಗುರುಗಳ ಕಾಲದ್ದೆಂಬುದನ್ನು ಸ್ಮಾರಕಗಳು ಮೆಲುದನಿಯಲ್ಲಿ ಹೇಳುತ್ತವೆ.

1914ರ ಮಾರ್ಚಿನಲ್ಲಿ ವ್ಯಾಂಡರ್‌ಬಿಲ್ಟ್ ತೀರಿಕೊಂಡನು. ಅವನ ಪತ್ನಿ ಎಡಿತ್ ಅದೇ ಬೇಸಿಗೆಯಲ್ಲಿ ಸುಮಾರು 86,700 ಎಕರೆಗಳನ್ನು ಎಕರೆಗೆ 5 ಡಾಲರಿನಂತೆ, ಒಟ್ಟು 4,33,500 ಡಾಲರುಗಳಿಗೆ ಸರ್ಕಾರಕ್ಕೆ ಬಿಟ್ಟುಕೊಡಲು ಒಪ್ಪಿದಳು. ಇದನ್ನು ದಾನಕ್ಕೆ ಸಮವೆಂದು ಹೊಗಳುವುದು ರೂಢಿ. ಹೊಗಳಿಕೆ ಪೂರ್ತಿ ಸುಳ್ಳೂ ಅಲ್ಲ. ಆದರೆ ಎರಡು ವರ್ಷ ಮೊದಲು, 1912ರಲ್ಲಿ, ಅದೇ ಭೂಮಿಯ ಬಹುಭಾಗದ ಮರಗಳನ್ನು ಕಡಿದುಕೊಳ್ಳುವ ಹಕ್ಕನ್ನು ಎಕರೆಗೆ 12 ಡಾಲರಿನಂತೆ ವ್ಯಾಪಾರಿಯೊಬ್ಬನಿಗೆ ಇಪ್ಪತ್ತು ವರ್ಷಗಳ ಕರಾರಿನ ಮೇಲೆ ಮಾರಲಾಗಿತ್ತು. ಸರ್ಕಾರ ಕೊಂಡದ್ದು ಆ ಕರಾರಿಗೆ ಒಳಪಟ್ಟ ನೆಲವನ್ನು. ಅಂದರೆ ಈ ರಾಷ್ಟ್ರೀಯ ಅರಣ್ಯದಲ್ಲಿ ಮೊದಮೊದಲು ನೆಲ ರಾಷ್ಟ್ರದ್ದು, ಮರ ಇನ್ನೊಬ್ಬನದು! ಘೋಷಣೆಯ ಸರ್ಕಾರವಾಗಿದ್ದರೆ ಇಂಥ ಕರಾರನ್ನು ಒಂದು ಕಲಮಿನಲ್ಲಿ ಒರೆಸಿಹಾಕುತ್ತಿತ್ತು. ಕ್ರಯದ ಸರ್ಕಾರ ಕಾದಿತು; ಅವನು ಎಲ್ಲಿ ಹೇಗೆ ಕಡಿಯುತ್ತಾನೆಂಬುದನ್ನು ಕರಾರಿನ ಷರತ್ತುಗಳ ಮಿತಿಯೊಳಗೆ ನೋಡಿಕೊಂಡಿತು. 1916ರ ಅಕ್ಟೋಬರ್ 17ರಂದು ಅಧ್ಯಕ್ಷ ವುಡ್ರೊ ವಿಲ್ಸನ್ ಪಿಸ್ಗಾ ರಾಷ್ಟ್ರೀಯ ಅರಣ್ಯದ ಸ್ಥಾಪನೆಯನ್ನು ಸಾರಿದಾಗ ಆ ಸಾರುವಿಕೆ ಆಗಿಹೋಗಿದ್ದ ವ್ಯವಹಾರಕ್ಕೆ ಒತ್ತಿದ ಮೊಹರು ಮಾತ್ರವಾಗಿತ್ತು. ತನಗಿಂತ ಮೊದಲಿನ ಮಾತೊಂದಕ್ಕೆ ಪ್ರಭುತ್ವ ತಲೆಬಾಗಿ ನಡೆದ ಈ ಎರಡು ವರ್ಷಗಳ ವ್ಯವಹಾರವನ್ನು ನಾನು ಅದರ ಚರಿತ್ರೆಯ ಅತ್ಯಂತ ಗೌರವಾರ್ಹವಾದ ಅಧ್ಯಾಯವೆಂದು ಎಣಿಸುತ್ತೇನೆ.

ಆದರೆ ಈ ಗೌರವ ಸಂದದ್ದು ಯಾರಿಗೆ? ಸಹಿಮಾಡಿದ ಪತ್ರವಿದ್ದವರಿಗೆ. ಆ ಬೆಟ್ಟಗಳ ಬಡ ಒಕ್ಕಲುಗಳು ಯಾರ ಪತ್ರದಲ್ಲಿಯೂ ಕಾಣಿಸದ ರೀತಿಯಲ್ಲಿ ಕಾಡನ್ನು ಬಳಸುತ್ತಿದ್ದರು. ಬೇಲಿ ಹಾಕಬೇಕಾದದ್ದು ಬೆಳೆಗೆ, ದನಕರುಗಳಿಗಲ್ಲ ಎಂಬುದು ಅಲ್ಲಿನ ಹಳೆಯ ರೂಢಿ. ಹಂದಿಗಳೂ ದನಗಳೂ ಯಾರದೋ ಬೆಟ್ಟದಲ್ಲಿ ಉದುರಿದ ಚೆಸ್ಟ್‌ನಟ್ ಕಾಯಿಗಳನ್ನು ತಿಂದು ಕೊಬ್ಬುತ್ತಿದ್ದವು. ಮೇವು ಚಿಗುರಲೆಂದು ಚಳಿಗಾಲದ ಕೊನೆಗೆ ಪೊದೆಗಳಿಗೆ ಬೆಂಕಿಯಿಡುತ್ತಿದ್ದರು. ಎಸ್ಟೇಟಿನ ಒಡೆತನ ಬಂದಾಗ ಇದು ಕುಗ್ಗಿತು, ಸರ್ಕಾರದ ಒಡೆತನ ಬಂದಾಗ ಅಪರಾಧವಾಯಿತು. ಈ ನಷ್ಟಕ್ಕೆ ಎಕರೆಗೆ ಇಷ್ಟೆಂದು ಬೆಲೆ ಕಟ್ಟಿದವರಿಲ್ಲ, ಏಕೆಂದರೆ ಮಾರಾಟಕ್ಕೆ ಅವರ ಬಳಿ ವಸ್ತುವೇ ಇರಲಿಲ್ಲವೆಂಬುದು ಕಾನೂನಿನ ತೀರ್ಮಾನ. ಅವರ ಹಿಂದಿನವರ ಕಥೆ ಇನ್ನೂ ಕಠೋರ. ಆ ಪರ್ವತಗಳ ಮೂಲ ಒಡೆಯರಾದ ಚೆರೋಕಿ ಜನರನ್ನು 1838ರಲ್ಲಿ ಸೈನ್ಯವು ಬಂದೂಕಿನ ಮೊನೆಯಲ್ಲಿ ಮಿಸಿಸಿಪ್ಪಿಯಾಚೆಗೆ ನಡೆಸಿತು. ದಾರಿಯಲ್ಲಿ ಸಾವಿರಾರು ಜನ ಸತ್ತರು. 1914ರ ಶುದ್ಧವಾದ ಕ್ರಯಪತ್ರದ ತಳದಲ್ಲಿ, ಆ ನೆಲವನ್ನು ಅದಕ್ಕೂ ಮೊದಲು ಅವರಿಂದ ಬಿಡಿಸಿಕೊಂಡ ಒಪ್ಪಂದಗಳ ತಳದಲ್ಲಿ, ಇದೇ ಬಲಾತ್ಕಾರವಿದೆ. ಇಲ್ಲಿ ಒಂದು ವಿಚಿತ್ರವುಂಟು. ಬೆಟ್ಟಗಳಲ್ಲಿ ಉಳಿದುಕೊಂಡ ಸ್ವಲ್ಪ ಮಂದಿ ಚೆರೋಕಿಗಳು ಕೂಡ ತಮ್ಮ ನೆಲವನ್ನು ಮರಳಿ ಪಡೆದದ್ದು ಕ್ರಯದಿಂದಲೇ. ಕಾನೂನು ಅವರಿಗೆ ಭೂಮಿಯ ಒಡೆತನವನ್ನು ನಿರಾಕರಿಸಿದ್ದರಿಂದ, ಅವರು ಮಗನಂತೆ ಸ್ವೀಕರಿಸಿದ್ದ ವಿಲಿಯಂ ಥಾಮಸ್ ಎಂಬ ಬಿಳಿಯನು ಅವರ ಪರವಾಗಿ ತನ್ನ ಹೆಸರಿನಲ್ಲಿ ಕೊಂಡ ಜಮೀನುಗಳೇ, ಮುಂದೆ ಸಾಲಗಾರರ ವ್ಯಾಜ್ಯಗಳನ್ನು ದಾಟಿ, ಇಂದಿನ ಕ್ವಾಲಾ ಸೀಮೆಯಾಗಿವೆ. ತಮ್ಮದನ್ನೇ ತಾವು ಕೊಳ್ಳಬೇಕಾಗಿ ಬಂದ ಆ ಜನರಿಗೆ ಪತ್ರದ ಬೆಲೆ ಎಷ್ಟೆಂಬುದನ್ನು ಯಾವ ಅರಣ್ಯಾಧಿಕಾರಿಯೂ ಕಲಿಸಬೇಕಾಗಿರಲಿಲ್ಲ.

ನದಿಯ ನೆಪದ ವಿಚಾರಕ್ಕೆ ಮರಳೋಣ. ಸ್ಥಾಪನೆಗೆ ಮೂರು ತಿಂಗಳ ಹಿಂದೆ, 1916ರ ಜುಲೈನಲ್ಲಿ, ಎರಡು ಚಂಡಮಾರುತಗಳು ಒಂದರ ಹಿಂದೊಂದು ಬಂದು ಫ್ರೆಂಚ್ ಬ್ರಾಡ್ ನದಿ ಆಶ್‌ವಿಲ್ಲಿನ ತಗ್ಗು ಭಾಗಗಳನ್ನೆಲ್ಲ ಮುಳುಗಿಸಿತು. ಆಲ್ಟಾಪಾಸ್ ಎಂಬ ಊರಿನಲ್ಲಿ ಒಂದೇ ದಿವಸ 22 ಅಂಗುಲಕ್ಕೂ ಹೆಚ್ಚು ಮಳೆ ಸುರಿಯಿತು. ಬೋಳಾದ ಬೆಟ್ಟಗಳೇ ಪ್ರವಾಹಕ್ಕೆ ಕಾರಣವೆಂದು ಹೇಳುವವರಿಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿರಲಿಲ್ಲ. ಆದರೆ ಅಷ್ಟು ಮಳೆಗೆ ಯಾವ ಕಾಡೂ ತಡೆಯೊಡ್ಡಲಾರದು; 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ಬೀಸಿದಾಗ ಬೆಟ್ಟಗಳಲ್ಲೆಲ್ಲ ಹಸಿರು ತುಂಬಿದ್ದರೂ ಅದೇ ನದಿ ಅದೇ ನಗರವನ್ನು ಮತ್ತೆ ಮುಳುಗಿಸಿತು. ನೆರೆಯ ನಾಂಟಹಾಲಾ ಅರಣ್ಯದಲ್ಲಿ 1934ರಲ್ಲಿ ಅರಣ್ಯ ಇಲಾಖೆಯೇ ಸ್ಥಾಪಿಸಿದ ಕೊವೀಟಾ ಜಲಸಂಶೋಧನಾಲಯವು ಸಣ್ಣ ಸಣ್ಣ ಕಣಿವೆಗಳ ಮರಗಳನ್ನು ಕಡಿಸಿ, ಹಳ್ಳಗಳ ನೀರನ್ನು ವರ್ಷಾನುವರ್ಷ ಅಳೆದು ತೋರಿಸಿದ್ದೇನೆಂದರೆ, ಮರ ಕಡಿದರೆ ಹಳ್ಳದ ನೀರು ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ, ಏಕೆಂದರೆ ಮರಗಳು ತಾವೇ ಬಹಳ ನೀರನ್ನು ಕುಡಿದು ಆವಿಯಾಗಿಸುತ್ತವೆ. ನಿಜವಾದ ಕೇಡು ನಾಟಾ ಸಾಗಿಸಲು ಅಡ್ಡಾದಿಡ್ಡಿ ಕಡಿದ ರಸ್ತೆಗಳಿಂದ ಹರಿದುಬರುವ ಮಣ್ಣಿನಲ್ಲಿದೆ. ಕಾಡು ಹೊಳೆಗೆ ನೀರು ತುಂಬುತ್ತದೆಂದು ಶಾಸನಸಭೆಯಲ್ಲಿ ವಾದಿಸಿದವರು ಅರ್ಧ ಸತ್ಯವನ್ನು ಪೂರ್ಣಸತ್ಯವೆಂದು ನಂಬಿಸಿದ್ದರು. ಅರ್ಧ ಸತ್ಯದ ಮೇಲೆ ನಿಂತ ಶಾಸನದಿಂದ ಒಳ್ಳೆಯ ಕಾಡೊಂದು ಬೆಳೆದುದನ್ನು ಕಂಡು ತಾರ್ಕಿಕನು ಸಂಕಟಪಡಬಹುದು. ಶಾಸನಸಭೆಗೆ ಸಂಕಟವಾದಂತಿಲ್ಲ, 1924ರ ಕ್ಲಾರ್ಕ್-ಮೆಕ್‌ನರಿ ಶಾಸನದಿಂದ ನದಿಯ ನೆಪವನ್ನು ಸಡಿಲಿಸಿ, ಮರ ಬೆಳೆಸುವುದಕ್ಕಾಗಿಯೂ ನೆಲ ಕೊಳ್ಳಬಹುದೆಂದು ಅದು ತಿದ್ದಿಕೊಂಡಿತು.

ಆಡಳಿತದ ಮಧ್ಯಕಾಲವನ್ನು ಬೇಗನೆ ದಾಟಬಹುದು. 1921ರಲ್ಲಿ ಬೂನ್ ಎಂಬ ಅಲ್ಪಾಯುಷಿ ಅರಣ್ಯ ಪಿಸ್ಗಾದಲ್ಲಿ ವಿಲೀನವಾಯಿತು. 1936ರಲ್ಲಿ ಉನಾಕಾ ಅರಣ್ಯವನ್ನು ಹಂಚಿ, ಟೆನೆಸಿ ರಾಜ್ಯದ ಎಲ್ಲೆಯನ್ನೇ ಈ ಅರಣ್ಯದ ಎಲ್ಲೆಯಾಗಿಸಲಾಯಿತು. ಈಗ ರಾಜ್ಯದ ನಾಲ್ಕು ರಾಷ್ಟ್ರೀಯ ಅರಣ್ಯಗಳೂ ಆಶ್‌ವಿಲ್ಲಿನ ಒಂದೇ ಕಚೇರಿಯ ಅಧೀನದಲ್ಲಿವೆ. ಈ ಎಲ್ಲ ಸೇರಿಸು-ಕಳೆಯುಗಳ ನಡುವೆ ಬದಲಾಗದೆ ಉಳಿದದ್ದು ಗಡಿಯ ಹರಕು. ಮಾರಲೊಪ್ಪಿದವನ ನೆಲ ಅರಣ್ಯವಾಯಿತು, ಒಪ್ಪದವನ ಹೊಲ ಹೊಲವಾಗಿಯೇ ಉಳಿಯಿತು. ಬಲವಂತದ ಸ್ವಾಧೀನ ಇಲ್ಲವೆಂದಲ್ಲ, ಆದರೆ ಒಂದೇ ನೆಲಕ್ಕೆ ಎರಡು ಮೂರು ಹಳೆಯ ಪತ್ರಗಳಿದ್ದ ಸಿಕ್ಕುಗಳನ್ನು ನ್ಯಾಯಾಲಯದಲ್ಲಿ ಬಿಡಿಸಿಕೊಳ್ಳಲೆಂದೇ ಅದನ್ನು ಹೆಚ್ಚಾಗಿ ಬಳಸಿದರು. ಅಧಿಕಾರಿಗಳು ಈ ಹರಕು ಗಡಿಯನ್ನು ಶಪಿಸುತ್ತ ಬಂದಿದ್ದಾರೆ. ನನಗಾದರೋ ಅದು ಅರಣ್ಯದ ಭಾಗ್ಯವೆಂದೇ ತೋರುತ್ತದೆ. ಊರು, ಹೊಲ, ಇಗರ್ಜಿಗಳು ಕಾಡಿನೊಳಗೇ ಇರುವಾಗ ರೇಂಜರನು ನೆರೆಯವರೊಡನೆ ಮಾತನಾಡದೆ ದಿನದೂಡಲಾರ. ಕೊಂಡ ನೆಲಕ್ಕೆ ಕೌಂಟಿಯ ಭೂತೆರಿಗೆ ನಿಂತುಹೋಗುತ್ತದೆಂಬ ಕೊರಗು ಮೊದಲಿಂದಲೂ ಇತ್ತು. ಅದಕ್ಕೆ ಪ್ರತಿಯಾಗಿ ಅರಣ್ಯದ ಉತ್ಪತ್ತಿಯ ಶೇಕಡಾ 25ನ್ನು ಶಾಲೆಗೂ ರಸ್ತೆಗೂ ಕೊಡುವ ಏರ್ಪಾಡು ಬಂದಿತು. ಮರ ಕಡಿದಷ್ಟೂ ಶಾಲೆಗೆ ಹಣವೆಂಬ ಆ ಲೆಕ್ಕಾಚಾರ ಹಳ್ಳಿಯವರನ್ನು ಕೊಡಲಿಯ ಪಕ್ಷಕ್ಕೆ ಎಳೆಯಿತೆಂಬುದೂ ನಿಜ, ಮತ್ತು ಅದು ಕ್ರಯಮಾರ್ಗದ ದೋಷಗಳಲ್ಲಿ ಸಣ್ಣದಲ್ಲ.

ನೆರೆಹೊರೆಯ ಈ ನಿಕಟತೆಯೇ 1970ರ ದಶಕದಲ್ಲಿ ಅರಣ್ಯ ಇಲಾಖೆಯನ್ನು ನ್ಯಾಯಾಲಯಕ್ಕೆ ಎಳೆದದ್ದು. ವೆಸ್ಟ್ ವರ್ಜೀನಿಯಾದ ಮನಾಂಗಹೀಲಾ ಅರಣ್ಯವೂ ವೀಕ್ಸ್ ಶಾಸನದಿಂದಲೇ ಕೊಂಡದ್ದು. ಅಲ್ಲಿ ಇಲಾಖೆ ಬೆಟ್ಟದ ಇಳುಕಲುಗಳನ್ನು ಒಟ್ಟಾಗಿ ಬೋಳಿಸತೊಡಗಿದಾಗ, ಟರ್ಕಿ ಕೋಳಿಗಳ ಬೇಟೆಗೆ ಹೋಗುತ್ತಿದ್ದ ಸ್ಥಳೀಯರು ತಮ್ಮ ಕಾಡು ಕಾಣೆಯಾದುದನ್ನು ಕಂಡು ದಂಗಾದರು. ಸತ್ತ, ಪಕ್ವವಾದ ಅಥವಾ ಹಿರಿದಾದ ಮರಗಳನ್ನು ಗುರುತುಹಾಕಿ ಮಾರಬಹುದೆಂದು ಮಾತ್ರ 1897ರ ಕಾನೂನು ಹೇಳಿತ್ತು. ಅಕ್ಷರಶಃ ಅದನ್ನೇ ಪಾಲಿಸಬೇಕೆಂದು 1975ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಆ ನ್ಯಾಯಾಲಯದ ವ್ಯಾಪ್ತಿಗೆ ಕ್ಯಾರೊಲೈನಾಗಳೂ ಒಳಪಟ್ಟಿದ್ದರಿಂದ ಪಿಸ್ಗಾದ ಮರದ ಹರಾಜಿಗೂ ಅದು ತಟ್ಟಿತು. ಮರುವರ್ಷವೇ ಶಾಸನಸಭೆ ಹೊಸ ಕಾನೂನೊಂದನ್ನು ಮಾಡಿ, ಪ್ರತಿ ಅರಣ್ಯಕ್ಕೂ ಜನರ ಅಭಿಪ್ರಾಯವನ್ನು ಕೇಳಿ ಯೋಜನೆಯನ್ನು ರಚಿಸತಕ್ಕದ್ದೆಂದು ವಿಧಿಸಿತು. ಪಿಸ್ಗಾ-ನಾಂಟಹಾಲಾಗಳ ಮೊದಲ ಯೋಜನೆ 1987ರದು. ಅದರ ಪರಿಷ್ಕರಣ ಸುಮಾರು ಒಂದು ದಶಕದ ಸಭೆಗಳನ್ನೂ ನೂರಾರು ಆಕ್ಷೇಪಣೆಗಳನ್ನೂ ಹಾದು 2023ರಲ್ಲಿ ಮುಗಿಯಿತು. ಇಷ್ಟು ನಿಧಾನವೆಂದು ನಗುವವರು ನಗಲಿ; ಅರಣ್ಯವನ್ನು ಬೆಳೆಸುವ ಕಸುಬಿನಲ್ಲಿ ಹತ್ತು ವರ್ಷವೆಂಬುದು ಒಂದು ಸಸಿ ಆಳೆತ್ತರ ದಾಟುವ ಕಾಲ.

ಕೊಳ್ಳುವುದು ಸಿರಿವಂತ ರಾಷ್ಟ್ರದ ವಿಲಾಸ, ಬಡದೇಶಗಳು ಘೋಷಿಸದೆ ಗತಿಯಿಲ್ಲ ಎಂಬ ಆಕ್ಷೇಪವನ್ನು ಕಡೆಗಣಿಸುವಂತಿಲ್ಲ. ಆದರೆ ಘೋಷಣೆ ಅಗ್ಗವೆಂಬುದು ಭ್ರಮೆ. ಅದರ ಬೆಲೆಯನ್ನು ಖಜಾನೆ ತೆರುವುದಿಲ್ಲ, ಕಾಡಂಚಿನ ಮನೆಗಳು ಕಂತುಕಂತಾಗಿ ತೆರುತ್ತವೆ. 1930ರಲ್ಲಿ ಉತ್ತರ ಕನ್ನಡದ ಜನ ಕಾಯಿದೆ ಮುರಿದು ಕಾಡಿಗೆ ಹೊಕ್ಕದ್ದು ಆ ಸಾಲದ ಲೆಕ್ಕ ಕೇಳುವುದಕ್ಕೇ. ನಮ್ಮ 2006ರ ಅರಣ್ಯಹಕ್ಕು ಕಾಯಿದೆ ಒಂದು ವಿಷಯದಲ್ಲಿ ಅಮೆರಿಕಾದ ಕ್ರಯಮಾರ್ಗವನ್ನೂ ಮೀರಿದೆ: ಪತ್ರವಿಲ್ಲದವನ ಹಕ್ಕಿಗೆ ಊರ ಹಿರಿಯರ ಹೇಳಿಕೆಯನ್ನೂ ಅದು ಸಾಕ್ಷ್ಯವಾಗಿ ಒಪ್ಪುತ್ತದೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು ಎಪ್ಪತ್ತೈದು ವರ್ಷಗಳ ವಾಸವನ್ನು ರುಜುವಾತುಪಡಿಸಬೇಕೆಂದು ಅದೇ ಕಾಯಿದೆ ಕೇಳಿದಾಗ ಪತ್ರದ ಪ್ರಭುತ್ವ ಹಿಂಬಾಗಿಲಿನಿಂದ ಮತ್ತೆ ಒಳಬರುತ್ತದೆ. ಪಿಸ್ಗಾದ ಹರಕು ಗಡಿಯ ಉದ್ದಕ್ಕೂ ಇಂದಿಗೂ ಸಣ್ಣಪುಟ್ಟ ತುಂಡುಗಳ ಖರೀದಿ ನಡೆದೇ ಇದೆ. ಸಮುದ್ರದಾಳದ ತೈಲದ ಗುತ್ತಿಗೆಯಿಂದ ಬರುವ ಸಂರಕ್ಷಣಾ ನಿಧಿಯಿಂದ ಹಣ ಒದಗುತ್ತದೆ. 2020ರ ಶಾಸನ ಆ ನಿಧಿಗೆ ವರ್ಷಕ್ಕೆ 90 ಕೋಟಿ ಡಾಲರುಗಳನ್ನು ಶಾಶ್ವತವಾಗಿ ನಿಗದಿಮಾಡಿದೆ. ಮಾರುವವನ ಮನಸ್ಸು, ಸರ್ವೆಯವನ ಸರಪಣಿ, ವಕೀಲನ ಪತ್ರಶೋಧನೆ ಈ ಮೂರೂ ಕೂಡಿಬಂದ ಮೇಲೆಯೇ, ಕರ್ಟಿಸ್ ಹಳ್ಳದ ಕಾಲದಲ್ಲಿದ್ದಂತೆ, ಹಣ ಕೈಬದಲಾಗುತ್ತದೆ. ಆ ಇಳುಕಲಿನಲ್ಲಿ ಒಂದು ಕಾಲಕ್ಕೆ ಯಾರ ಹಂದಿಗಳು ಮೇಯುತ್ತಿದ್ದವು, ಅದಕ್ಕೂ ಮೊದಲು ಯಾರ ಊರಿತ್ತು ಎಂಬ ಪ್ರಶ್ನೆಗಳಿಗೆ ಕ್ರಯಪತ್ರದ ನಮೂನೆಯಲ್ಲಿ ಈಗಲೂ ಕಲಮಿಲ್ಲ.